ಒಂದು ಕಿಣ್ವವಿಲ್ಲದ ಇಲಿಗಳು

(ನಮ್ಮ ವಾಚನಾಲಯದ ಭಾನುವಾರದ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣದ ಪಾಠ)



ವಾರವೆಲ್ಲ ದುಡಿದು, ಸಿಕ್ಕ ಒಂದು ಬಿಡುವಿನ ಸಂಜೆಯನ್ನು ತಾವು ಈ ವಾಚನಾಲಯಕ್ಕೆ ಕೊಟ್ಟಿದ್ದೀರಿ. ಅಂಥ ಸಂಜೆಯಲ್ಲಿ ಇಲಿಯ ಮಿದುಳಿನ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಇಲಿಯೆಂದರೆ ಅಕ್ಕಿಯ ಚೀಲ ಕೊರೆಯುವ, ಪುಸ್ತಕದ ಬೆನ್ನು ಕಡಿಯುವ ಪ್ರಾಣಿ; ನಮ್ಮ ಕಪಾಟುಗಳಿಗೂ ಅದರ ಪರಿಚಯ ಚೆನ್ನಾಗಿಯೇ ಇದೆ. ಆದರೆ ಇಂದು ನಾವು ಹೇಳಹೊರಟಿರುವುದು ಇಲಿಯ ನೆವದಿಂದ ನಮ್ಮ ಮಕ್ಕಳ ವಿಷಯ.

ಕಲಿಸಿದ್ದು ನಿಲ್ಲದ ಮಗುವನ್ನು ಕಂಡು 'ಗೋರ್ಕಲ್ಲ ಮೇಲೆ ಮಳೆ ಸುರಿದಂತೆ' ಎನ್ನುವುದು ನಮ್ಮಲ್ಲಿ ವಾಡಿಕೆ. ಸೋಮಾರಿ ಎನ್ನುತ್ತೇವೆ, ಹಟಮಾರಿ ಎನ್ನುತ್ತೇವೆ. ಸಿಟ್ಟು ಹೆಚ್ಚಿದರೆ ಕೈಯನ್ನೂ ಎತ್ತುತ್ತೇವೆ. ತಾಯಿಯಾದವಳು ತನ್ನ ಯಾವ ತಪ್ಪಿಗೆ ಈ ಶಿಕ್ಷೆಯೋ ಎಂದು ಒಳಗೊಳಗೇ ಕೊರಗುತ್ತಾಳೆ. ಈ ಬೈಗುಳಕ್ಕೂ ಈ ಕೊರಗಿಗೂ ಆಧಾರವುಂಟೆ? ಕಲಿಯುವುದು ಎಂದರೆ ದೇಹದೊಳಗೆ ನಿಜವಾಗಿ ಏನು ನಡೆಯುತ್ತದೆ? ಅದು ನಡೆಯದೆ ಹೋದಾಗ ತಪ್ಪು ಮನಸ್ಸಿನದೊ, ಪದಾರ್ಥದ್ದೊ? ಈ ಪ್ರಶ್ನೆಗೆ ವಿಜ್ಞಾನವು ಕೊಟ್ಟಿರುವ ಉತ್ತರಗಳಲ್ಲಿ ಬಹಳ ಸ್ಪಷ್ಟವಾದ ಒಂದು, ೧೯೯೨ರಲ್ಲಿ ಅಮೆರಿಕದ ಪ್ರಯೋಗಶಾಲೆಯೊಂದರ ಇಲಿಗಳಿಂದ ಬಂದಿತು.

ಮೊದಲು ಕಿಣ್ವವೆಂದರೆ ಏನೆಂದು ನೋಡೋಣ. ಇಂಗ್ಲಿಷಿನಲ್ಲಿ ಎನ್‌ಜೈಮ್ ಎಂಬುದಕ್ಕೆ ಕನ್ನಡದಲ್ಲಿ ಕಿಣ್ವ ಎನ್ನುತ್ತಾರೆ. ಒಂದು ತುತ್ತು ಅನ್ನವನ್ನು ಸಾರು ಹಾಕದೆ ಬಾಯಲ್ಲಿಟ್ಟು ಬಹಳ ಹೊತ್ತು ಅಗಿದು ನೋಡಿರಿ, ಮೆಲ್ಲಗೆ ಸಿಹಿಯಾಗುತ್ತದೆ. ಜೊಲ್ಲಿನಲ್ಲಿರುವ ಒಂದು ಕಿಣ್ವವು ಅನ್ನದ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವುದರಿಂದ ಹೀಗಾಗುತ್ತದೆ. ದೇಹದ ಒಂದೊಂದು ಕೋಶದಲ್ಲಿಯೂ ಇಂಥ ಸಾವಿರಾರು ಬಗೆಯ ಕಿಣ್ವಗಳಿವೆ. ಒಂದೊಂದಕ್ಕೆ ಒಂದೊಂದು ಕೆಲಸ. ಕಿಣ್ವವನ್ನು ತಯಾರಿಸುವ ವಿಧಾನವು ತಂದೆತಾಯಿಗಳಿಂದ ಬಂದ ಜೀನಿನಲ್ಲಿ ಬರೆದಿರುತ್ತದೆ. ಆ ಬರಹ ಅಳಿಸಿದರೆ ಆ ಕಿಣ್ವವಿಲ್ಲ; ಕಿಣ್ವವಿಲ್ಲದಿದ್ದರೆ ಆ ಕೆಲಸವೂ ಇಲ್ಲ.

ಇನ್ನು ಮಿದುಳು. ಮನುಷ್ಯನ ಮಿದುಳಿನಲ್ಲಿ ಸುಮಾರು ೮,೬೦೦ ಕೋಟಿ ನರಕೋಶಗಳಿವೆ. ಅವು ಒಂದಕ್ಕೊಂದು ಅಂಟಿಕೊಂಡಿಲ್ಲ. ಬಹುಪಾಲು ಸಂಧಿಗಳಲ್ಲಿ ಎರಡು ಕೋಶಗಳ ನಡುವೆ ಒಂದು ಸಣ್ಣ ಬಿರುಕು ಇರುತ್ತದೆ. ಅದರ ಅಗಲ ಒಂದು ಮಿಲಿಮೀಟರಿನ ಐವತ್ತು ಸಾವಿರದಲ್ಲಿ ಒಂದು ಭಾಗದಷ್ಟು. ಈ ಸಂಧಿಸ್ಥಾನಕ್ಕೆ ಸಿನಾಪ್ಸ್ ಎಂದು ಹೆಸರು. ಒಂದು ಕೋಶವು ಬಿರುಕಿಗೆ ಒಂದು ರಾಸಾಯನಿಕವನ್ನು ಬಿಡುತ್ತದೆ, ಆಚೆಯ ಕೋಶದ ಮೈಮೇಲಿನ ಬಾಗಿಲುಗಳು ಅದನ್ನು ಹಿಡಿದು ತೆರೆದುಕೊಳ್ಳುತ್ತವೆ, ಸುದ್ದಿ ದಾಟುತ್ತದೆ.

ಎಲ್ಲ ಸಿನಾಪ್ಸುಗಳೂ ಸಮಬಲದವಲ್ಲ, ಬಲವು ಸ್ಥಿರವೂ ಅಲ್ಲ. ಊರಿನ ಹೊಲದ ಬದುವಿನ ಮೇಲೆ ಜನ ನಡೆದಂತೆಲ್ಲ ಕಾಲುದಾರಿ ಮೂಡುತ್ತದೆ, ಬಿಟ್ಟರೆ ಹುಲ್ಲು ಮುಚ್ಚುತ್ತದೆ. ಅದರಂತೆಯೇ ಬಳಕೆಗೆ ತಕ್ಕಂತೆ ಸಿನಾಪ್ಸು ಬಲಗೊಳ್ಳುತ್ತದೆ, ಬಲಗುಂದುತ್ತದೆ. ಹಸಿಮಣ್ಣಿನಂತೆ ಒತ್ತಿದ ಗುರುತನ್ನು ಉಳಿಸಿಕೊಳ್ಳುವ ಈ ಗುಣವನ್ನು ಸಂಧಿಯ ನಮ್ಯತೆ ಎನ್ನೋಣ. ೧೯೭೩ರಲ್ಲಿ ಟಿಮೊತಿ ಬ್ಲಿಸ್ ಮತ್ತು ಟೆರ್ಯೆ ಲೋಮೊ ಎಂಬಿಬ್ಬರು, ನಾರ್ವೆಯ ಆಸ್ಲೊ ನಗರದಲ್ಲಿ ಮೊಲಗಳ ಮೇಲೆ ನಡೆಸಿದ ಪ್ರಯೋಗಗಳ ಫಲವನ್ನು ಪ್ರಕಟಿಸಿದರು. ನರತಂತುಗಳಿಗೆ ಕೆಲವೇ ಕ್ಷಣ ಬಿರುಸಾಗಿ ವಿದ್ಯುತ್ತಿನ ಮಿಡಿತ ಕೊಟ್ಟರೆ, ಅಲ್ಲಿಯ ಸಿನಾಪ್ಸುಗಳು ಗಂಟೆಗಟ್ಟಲೆ ಬಲವಾಗಿಯೇ ಉಳಿಯುತ್ತವೆಂದು ಅವರು ತೋರಿಸಿದರು. ಇದಕ್ಕೆ ದೀರ್ಘಕಾಲದ ಬಲವರ್ಧನೆ ಎಂದು ಹೆಸರಾಯಿತು.

ಅವರು ಈ ಪ್ರಯೋಗ ಮಾಡಿದ್ದು ಮಿದುಳಿನ ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ. ಕಡಲಕುದುರೆಯಂತೆ ಬಾಗಿರುವುದರಿಂದ ಅದಕ್ಕೆ ಆ ಹೆಸರು. ನೆನಪಿಗೂ ಅದಕ್ಕೂ ಇರುವ ನಂಟು ಮೊದಲೇ ತಿಳಿದಿತ್ತು. ೧೯೫೩ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ಹೆನ್ರಿ ಮೊಲೈಸನ್ ಎಂಬಾತನಿಗೆ ಮೂರ್ಛೆರೋಗ ನಿಲ್ಲಿಸಲೆಂದು ಆ ಭಾಗದ ಬಹುಪಾಲನ್ನು ಎರಡೂ ಕಡೆಯಿಂದ ತೆಗೆದುಹಾಕಿದರು. ರೋಗವೇನೋ ಹಿಡಿತಕ್ಕೆ ಬಂದಿತು. ಆದರೆ ಅಂದಿನಿಂದ ೨೦೦೮ರಲ್ಲಿ ತೀರಿಕೊಳ್ಳುವವರೆಗೆ, ಹೊಸದಾಗಿ ಕಂಡ ಮುಖವಾಗಲಿ ನಡೆದ ಸಂಗತಿಯಾಗಲಿ ಆತನಲ್ಲಿ ನಿಲ್ಲಲಿಲ್ಲ.

ಹೀಗೆ ಒಂದು ಕಡೆ ನೆನಪು, ಇನ್ನೊಂದು ಕಡೆ ಸಿನಾಪ್ಸಿನ ಬಲವರ್ಧನೆ. ಎರಡೂ ಒಂದೇ ಜಾಗದಲ್ಲಿ. ಆದರೆ ಒಂದೇ ಮನೆಯಲ್ಲಿ ಇದ್ದ ಮಾತ್ರಕ್ಕೆ ಇಬ್ಬರೂ ಬಂಧುಗಳೆನ್ನಲಾದೀತೆ? ಬಲವರ್ಧನೆಯನ್ನು ಕೆಡಿಸಿದರೆ ನೆನಪೂ ಕೆಡುತ್ತದೆಯೆ ಎಂದು ಪರೀಕ್ಷಿಸಬೇಕಾಗಿತ್ತು. ಔಷಧ ಕೊಟ್ಟು ಬಲವರ್ಧನೆಯನ್ನು ತಡೆದು ನೋಡಿದವರು ಅದಕ್ಕೆ ಮುಂಚೆಯೇ ಇದ್ದರು. ಆದರೆ ಆ ಔಷಧಗಳು ಸುದ್ದಿ ಹಿಡಿಯುವ ಬಾಗಿಲನ್ನೇ ಮುಚ್ಚುವಂಥವು. ಬಾಗಿಲು ನೆಟ್ಟಗಿರಬೇಕು, ಒಳಗಿನ ಒಂದೇ ಒಂದು ಕಿಣ್ವವಿರಬಾರದು. ಅಂಥ ಪರೀಕ್ಷೆ ಬೇಕಾಗಿತ್ತು.

ಆ ಕಿಣ್ವದ ಹೆಸರು ಕ್ಯಾಮ್-ಕೈನೇಸ್-ಎರಡು. ಹೆಸರು ಗಡುಸಾದರೂ ಕೆಲಸ ಸರಳ. ಬೇರೆ ಪ್ರೋಟೀನುಗಳ ಮೇಲೆ ಫಾಸ್ಫೇಟ್ ಎಂಬ ಸಣ್ಣ ತುಣುಕನ್ನು ಅಂಟಿಸುವುದೇ ಅದರ ಉದ್ಯೋಗ. ಇಲ್ಲಿ ಕುಳಿತಿರುವ ಗುಮಾಸ್ತ ಬಂಧುಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಾಗದದ ಮೇಲೆ ಮೊಹರು ಬಿದ್ದರೆ ಫೈಲು ಮುಂದಿನ ಮೇಜಿಗೆ ಹೋಗುತ್ತದೆ. ಬೀಳದಿದ್ದರೆ ಅಲ್ಲಿಯೇ ಧೂಳು ತಿನ್ನುತ್ತದೆ. ಸಿನಾಪ್ಸಿನಲ್ಲಿ ಮೊಹರು ಒತ್ತುವ ಗುಮಾಸ್ತನೇ ಈ ಕಿಣ್ವ. ಹಿಪೊಕ್ಯಾಂಪಸಿನ ಒಟ್ಟು ಪ್ರೋಟೀನಿನಲ್ಲಿ ನೂರಕ್ಕೆ ಎರಡರಷ್ಟು ಇದೊಂದೇ ಇದೆ. ಸಾವಿರಾರು ಬಗೆಯ ಪ್ರೋಟೀನುಗಳಿರುವ ಕಡೆ ಇದು ಬಹಳ ದೊಡ್ಡ ಪಾಲು.

ಈ ಕಿಣ್ವದ ಒಂದು ಕಣದಲ್ಲಿ ಸಾಮಾನ್ಯವಾಗಿ ಹನ್ನೆರಡು ಭಾಗಗಳು ಎರಡು ಸುತ್ತಾಗಿ ಕುಳಿತಿರುತ್ತವೆ. ಹನ್ನೆರಡು ಗುಮಾಸ್ತರು ಎಂದುಕೊಳ್ಳಿ. ಸುದ್ದಿ ಬಿರುಸಾಗಿ ಬಂದಾಗ ಕೋಶದೊಳಕ್ಕೆ ಕ್ಯಾಲ್ಸಿಯಂ ನುಗ್ಗುತ್ತದೆ. ಅದು ಸಾಹೇಬರು ಕೋಣೆಗೆ ಬಂದಂತೆ. ಗುಮಾಸ್ತರು ಎಚ್ಚರಗೊಂಡು ಮೊಹರು ಎತ್ತುತ್ತಾರೆ. ಸ್ವಾರಸ್ಯವಿರುವುದು ಇದರ ಮುಂದೆ. ಎಚ್ಚರಗೊಂಡವನು ಪಕ್ಕದಲ್ಲಿ ಕುಳಿತವನ ಮೇಲೂ ಒಂದು ಮೊಹರು ಒತ್ತುತ್ತಾನೆ. ಆ ಮೊಹರು ಬಿದ್ದವನು ಸಾಹೇಬರು ಎದ್ದುಹೋದ ಮೇಲೂ ಕೆಲಸ ನಿಲ್ಲಿಸುವುದಿಲ್ಲ. ಕ್ಯಾಲ್ಸಿಯಂ ಕ್ಷಣಮಾತ್ರದಲ್ಲಿ ಇಳಿದುಹೋದರೂ ಕಿಣ್ವದ ಎಚ್ಚರ ಸ್ವಲ್ಪ ಕಾಲ ಉಳಿಯುತ್ತದೆ. ಅಷ್ಟರಲ್ಲಿ ಅದು ಆಚೆಯ ಕೋಶದಲ್ಲಿ ಸುದ್ದಿ ಹಿಡಿಯುವ ಬಾಗಿಲುಗಳನ್ನು ಹೆಚ್ಚು ಚುರುಕುಗೊಳಿಸುತ್ತದೆ, ಹೊಸ ಬಾಗಿಲುಗಳು ಬಂದು ಸೇರುವಂತೆ ಮಾಡುತ್ತದೆ. ಸಿನಾಪ್ಸು ಬಲಗೊಳ್ಳುತ್ತದೆ. ಕ್ಷಣಿಕವಾದ ಅನುಭವವು ಬಾಳಿಕೆಯ ಗುರುತಾಗುವುದು ಈ ದಾರಿಯಿಂದ. ನಮ್ಮ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಉಪಿಂದರ್ ಭಲ್ಲಾ ಅವರೂ ಅಮೆರಿಕದ ರವಿ ಅಯ್ಯಂಗಾರ್ ಅವರೂ ಸಿನಾಪ್ಸಿನೊಳಗಿನ ಇಂಥ ಕ್ರಿಯೆಗಳನ್ನು ಕಂಪ್ಯೂಟರಿನಲ್ಲಿ ಲೆಕ್ಕಹಾಕಿ ೧೯೯೯ರಲ್ಲಿ ಪ್ರಕಟಿಸಿದ ಲೇಖನ ಹೆಸರಾಗಿದೆ.

ಈಗ ಇಲಿಗಳ ಕಥೆಗೆ ಬರೋಣ. ಸುಸುಮು ತೊನೆಗಾವ ಎಂಬ ಜಪಾನಿನ ವಿಜ್ಞಾನಿ ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿದ್ದವರು, ದೇಹದ ರೋಗನಿರೋಧಕ ಶಕ್ತಿಯ ಮೇಲಿನ ಕೆಲಸಕ್ಕೆ ೧೯೮೭ರಲ್ಲಿ ನೊಬೆಲ್ ಬಹುಮಾನ ಪಡೆದರು. ಅವರ ಪ್ರಯೋಗಶಾಲೆಗೆ ಅಲ್ಸಿನೊ ಸಿಲ್ವ ಎಂಬ ತರುಣ ಬಂದು ಸೇರಿದರು. ಆ ಹೊತ್ತಿಗೆ ಇಲಿಯ ಯಾವುದಾದರೊಂದು ಜೀನನ್ನು ಆಯ್ದು ಕೆಡಿಸುವ ಕೈಚಳಕ ಸಿದ್ಧವಾಗಿತ್ತು. ಇಲಿಯ ಭ್ರೂಣದಿಂದ ತೆಗೆದ ಎಳೆಯ ಕೋಶಗಳಲ್ಲಿ ಬೇಕಾದ ಜೀನನ್ನು ಕೆಡಿಸಿ, ಅವನ್ನು ಇನ್ನೊಂದು ಭ್ರೂಣದೊಳಗೆ ಸೇರಿಸಿ, ಹುಟ್ಟಿದ ಮರಿಗಳನ್ನು ಕೂಡಿಸಿ, ಕಡೆಗೆ ಆ ಜೀನು ಎರಡೂ ಪಾಲಿನಲ್ಲಿ ಕೆಟ್ಟಿರುವ ಇಲಿಗಳನ್ನು ಪಡೆಯುತ್ತಾರೆ. ಈ ವಿಧಾನಕ್ಕಾಗಿ ಕಪೆಕಿ, ಇವಾನ್ಸ್, ಸ್ಮಿಥೀಸ್ ಎಂಬ ಮೂವರಿಗೆ ೨೦೦೭ರಲ್ಲಿ ನೊಬೆಲ್ ಬಹುಮಾನ ಬಂದಿತು. ಸಿಲ್ವ ಮತ್ತು ಅವರ ಸಂಗಡಿಗರು ನಮ್ಮ ಮೊಹರಿನ ಗುಮಾಸ್ತನ ಮುಖ್ಯ ರೂಪವಾದ ಆಲ್ಫಾ ಕಿಣ್ವದ ಜೀನನ್ನು ಈ ರೀತಿ ತೆಗೆದುಹಾಕಿದರು.

ಹುಟ್ಟಿದ ಇಲಿಗಳು ಬದುಕಿದವು, ಬೆಳೆದವು, ತಿಂದವು, ಓಡಾಡಿದವು. ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೂ ಎದ್ದುಕಾಣುವ ಕೊರತೆಯಿರಲಿಲ್ಲ. ಸಿನಾಪ್ಸುಗಳಲ್ಲಿ ಸುದ್ದಿ ದಾಟುತ್ತಿತ್ತು, ಬಾಗಿಲುಗಳು ನೆಟ್ಟಗಿದ್ದವು. ಆದರೆ ಹಿಪೊಕ್ಯಾಂಪಸಿನ ತೆಳುಹೋಳುಗಳಿಗೆ ಬಿರುಸಾದ ಮಿಡಿತ ಕೊಟ್ಟಾಗ, ಸಾಮಾನ್ಯ ಇಲಿಗಳಲ್ಲಿ ಕಾಣುವ ಬಲವರ್ಧನೆ ಇವುಗಳಲ್ಲಿ ಬಹುಮಟ್ಟಿಗೆ ಕಾಣಲಿಲ್ಲ. ದಾರಿಯಲ್ಲಿ ಜನ ನಡೆದರೂ ಕಾಲುದಾರಿ ಮೂಡಲಿಲ್ಲ.

ಹಾಗಾದರೆ ಈ ಇಲಿಗಳು ಕಲಿಯಬಲ್ಲವೆ? ಇದನ್ನು ತಿಳಿಯಲು ರಿಚರ್ಡ್ ಮಾರಿಸ್ ಎಂಬ ಬ್ರಿಟಿಷ್ ವಿಜ್ಞಾನಿ ಹಿಂದೆಯೇ ಒಂದು ಪರೀಕ್ಷೆಯನ್ನು ಕಂಡುಹಿಡಿದಿದ್ದರು. ದೊಡ್ಡದೊಂದು ದುಂಡನೆಯ ತೊಟ್ಟಿ. ಅದರ ತುಂಬ ಒಳಗೇನೂ ಕಾಣದಂತೆ ಬಿಳುಪು ಮಾಡಿದ ನೀರು. ನೀರಿನ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ಒಂದು ಅಡಗಿದ ಮಣೆ. ಇಲಿಗೆ ಈಜು ಬರುತ್ತದೆ, ಆದರೆ ನೀರು ಬೇಡ. ಮೊದಲು ಅಲ್ಲಿ ಇಲ್ಲಿ ಈಜಿ ಆಕಸ್ಮಿಕವಾಗಿ ಮಣೆಯನ್ನು ಹತ್ತುತ್ತದೆ. ನಾಲ್ಕಾರು ದಿನದಲ್ಲಿ ಕೋಣೆಯ ಗೋಡೆ, ದೀಪ, ಕಿಟಕಿಗಳ ಗುರುತು ಹಿಡಿದು ನೆಟ್ಟಗೆ ಅಲ್ಲಿಗೇ ಈಜುತ್ತದೆ. ಊರಿನಿಂದ ಮೊದಲ ಸಲ ಬಂದು ದಾದರ್ ಸ್ಟೇಷನ್ನಿನಲ್ಲಿ ಇಳಿದವನು ಎಲ್ಲ ಸೇತುವೆಗಳನ್ನೂ ಹತ್ತಿ ಇಳಿದು, ಒಂದು ವಾರದಲ್ಲಿ ಹೂವಿನ ಮಾರುಕಟ್ಟೆಯ ಕಡೆ ಯಾವ ಮೆಟ್ಟಿಲು ಎಂದು ಕಣ್ಣುಮುಚ್ಚಿ ಹೇಳುವಂತಾಗುವುದಿಲ್ಲವೆ? ಅದೇ ವಿದ್ಯೆ.

ಸಿಲ್ವ ಅವರು ಕೊಲರಾಡೊದ ರಿಚರ್ಡ್ ಪೇಲರ್ ಮತ್ತು ಜೀನ್ ವೇನರ್ ಅವರೊಡನೆ ಈ ಪರೀಕ್ಷೆ ನಡೆಸಿದರು. ಮಣೆಯನ್ನು ನೀರಿನ ಮೇಲೆ ಕಾಣುವಂತೆ ಇಟ್ಟಾಗ ಕಿಣ್ವವಿಲ್ಲದ ಇಲಿಗಳೂ, ಕೊಂಚ ತಡವಾದರೂ, ಅದನ್ನು ಸೇರುವುದನ್ನು ಕಲಿತವು. ಅಂದರೆ ಕಣ್ಣಿದೆ, ಕಾಲಿದೆ, ನೀರಿನಿಂದ ಪಾರಾಗುವ ಆಸೆಯೂ ಇದೆ. ಮಣೆಯನ್ನು ಅಡಗಿಸಿ, ಕೋಣೆಯ ಗುರುತುಗಳಿಂದಲೇ ಜಾಗವನ್ನು ನೆನೆಯಬೇಕಾದಾಗ ಅವು ಸೋತವು. ಕಡೆಗೆ ಮಣೆಯನ್ನೇ ತೆಗೆದು ನೋಡಿದಾಗ, ಸಾಮಾನ್ಯ ಇಲಿಗಳು ಅದು ಹಿಂದೆ ಇದ್ದ ಜಾಗದಲ್ಲೇ ಸುತ್ತಾಡಿ ಹುಡುಕಿದವು. ಕಿಣ್ವವಿಲ್ಲದವುಗಳಿಗೆ ಆ ಜಾಗದ ಪಕ್ಷಪಾತವೇ ಇರಲಿಲ್ಲ. ಇವುಗಳನ್ನು ಸೋಮಾರಿಗಳೆನ್ನುತ್ತೀರಾ? ಅವು ಈಜಲು ಹಿಂಜರಿಯಲಿಲ್ಲ. ಪಟ್ಟ ಶ್ರಮವು ಗುರುತಾಗಿ ನಿಲ್ಲಲಿಲ್ಲ, ಅಷ್ಟೆ.

ವಿಜ್ಞಾನದಲ್ಲಿ ಯಾವ ಫಲಿತಾಂಶವೂ ಆಕ್ಷೇಪಣೆಯಿಲ್ಲದೆ ನಿಲ್ಲುವುದಿಲ್ಲ, ನಿಲ್ಲಬಾರದು. ಇಲ್ಲಿಯೂ ಆಕ್ಷೇಪಣೆ ಬಂದಿತು. ಹುಟ್ಟುವ ಮೊದಲಿನಿಂದಲೂ ಕಿಣ್ವವಿಲ್ಲದ ಮಿದುಳು ಒಳಗೊಳಗೇ ಬೇರೆ ರೀತಿಯಲ್ಲಿ ಬೆಳೆದಿರಬಹುದಲ್ಲವೆ? ೧೯೯೮ರಲ್ಲಿ ಕಾರ್ಲ್ ಪೀಟರ್ ಗೀಸೆ, ಸಿಲ್ವ ಮತ್ತು ಸಂಗಡಿಗರು ಇನ್ನೂ ನಯವಾದ ಪ್ರಯೋಗ ಮಾಡಿದರು. ಕಿಣ್ವವನ್ನು ತೆಗೆಯಲಿಲ್ಲ; ಅದರ ಸರಪಳಿಯ ೨೮೬ನೆಯ ಕೊಂಡಿಯೊಂದನ್ನು ಮಾತ್ರ ಬದಲಿಸಿದರು. ಪಕ್ಕದವನು ಮೊಹರು ಒತ್ತುವ ಜಾಗ ಅದೇ. ಈಗ ಗುಮಾಸ್ತನಿದ್ದಾನೆ, ಸಾಹೇಬರು ಎದುರಿಗಿರುವಷ್ಟು ಹೊತ್ತು ಕೆಲಸವನ್ನೂ ಮಾಡುತ್ತಾನೆ, ಅವರು ಎದ್ದೊಡನೆ ಕೈಬಿಡುತ್ತಾನೆ. ಇಂಥ ಇಲಿಗಳಲ್ಲಿಯೂ ಹಿಪೊಕ್ಯಾಂಪಸಿನ ಆ ಬಲವರ್ಧನೆ ಕಾಣಲಿಲ್ಲ. ತೊಟ್ಟಿಯ ಪಾಠವೂ ಹತ್ತಲಿಲ್ಲ. ಸಾಹೇಬರು ಹೋದ ಮೇಲೂ ದುಡಿಯುವ ಆ ಗುಣವೇ ಕಲಿಕೆಗೆ ಬೇಕಾದದ್ದೆಂದು ಇದರಿಂದ ಗಟ್ಟಿಯಾಯಿತು.

೨೦೦೧ರಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಜೀನಿನ ಎರಡು ಪಾಲುಗಳಲ್ಲಿ ಒಂದು ಮಾತ್ರ ಕೆಟ್ಟಿರುವ ಇಲಿಗಳು ಪಾಠವನ್ನು ಸರಿಯಾಗಿಯೇ ಕಲಿತವು. ಒಂದರಿಂದ ಮೂರು ದಿನಗಳ ನಂತರ ಒಪ್ಪಿಸಿದವು. ಆದರೆ ಹತ್ತರಿಂದ ಐವತ್ತು ದಿನಗಳ ಮೇಲೆ ಕೇಳಿದರೆ ಬಹುಮಟ್ಟಿಗೆ ಮರೆತಿದ್ದವು. ಅವುಗಳ ಹಿಪೊಕ್ಯಾಂಪಸಿನಲ್ಲಿ ಬಲವರ್ಧನೆ ಸರಿಯಾಗಿತ್ತು. ಮಿದುಳಿನ ಹೊರಪದರದಲ್ಲಿ ಮಾತ್ರ ಸೊರಗಿತ್ತು. ನೆನಪು ಮೊದಲು ಒಂದು ಕಡೆ ತಂಗಿ, ಆಮೇಲೆ ಹೊರಪದರದಲ್ಲಿ ನೆಲೆಯೂರುತ್ತದೆಂಬ ವಿಚಾರಕ್ಕೆ ಇದು ಬೆಂಬಲವಾಯಿತು. ನಿನ್ನೆ ಕಲಿತದ್ದು ಇಂದು ಬಂದರೆ ಸಾಲದು. ಬಾಳಿಕೆಗೂ ಕಿಣ್ವದ ಪೂರ್ಣ ಅಳತೆ ಬೇಕು.

ಮಹನೀಯರೆ, ಇಷ್ಟರವರೆಗೆ ಇಲಿಯ ಮಾತಾಯಿತು. ಇನ್ನು ಮಗುವಿನ ಮಾತು.

೧೯೬೫ರಲ್ಲಿ ಹ್ಯಾರಿ ಏಂಜೆಲ್ಮನ್ ಎಂಬ ಇಂಗ್ಲೆಂಡಿನ ಮಕ್ಕಳ ವೈದ್ಯರು ಒಂದೇ ಬಗೆಯ ಲಕ್ಷಣಗಳಿದ್ದ ಮೂವರು ಮಕ್ಕಳ ವಿಷಯ ಬರೆದರು. ಇಂಥ ಮಕ್ಕಳಿಗೆ ಮಾತು ಬಹುಮಟ್ಟಿಗೆ ಬರುವುದಿಲ್ಲ, ನಡಿಗೆ ತೊಡರುತ್ತದೆ, ಆಗಾಗ ಮೂರ್ಛೆ ಬರುತ್ತದೆ, ಕಲಿಕೆ ಬಹಳ ಕಷ್ಟ. ಆದರೆ ಮುಖದಲ್ಲಿ ನಗು ಮಾಸುವುದಿಲ್ಲ. ಸುಮಾರು ಹನ್ನೆರಡು ಸಾವಿರದಿಂದ ಇಪ್ಪತ್ತು ಸಾವಿರ ಹುಟ್ಟುಗಳಲ್ಲಿ ಒಂದು ಮಗುವಿಗೆ ಹೀಗಾಗುತ್ತದೆ. ಕಾರಣವೇನೆಂದು ೧೯೯೭ರಲ್ಲಿ ಖಚಿತವಾಯಿತು: ಮಿದುಳಿನಲ್ಲಿ ಯುಬಿಇ-ಮೂರು-ಎ ಎಂಬ ಕಿಣ್ವದ ಅಭಾವ. ಕೆಲಸ ಮುಗಿದ ಪ್ರೋಟೀನುಗಳ ಮೇಲೆ 'ವಿಲೇವಾರಿ ಮಾಡತಕ್ಕದ್ದು' ಎಂಬ ಚೀಟಿ ಅಂಟಿಸುವುದು ಈ ಕಿಣ್ವದ ಕೆಲಸ. ಮರುವರ್ಷವೇ ಈ ಕಿಣ್ವವಿಲ್ಲದ ಇಲಿಗಳನ್ನು ಪಡೆದು ನೋಡಿದಾಗ, ಅವುಗಳಲ್ಲಿಯೂ ಸಿನಾಪ್ಸಿನ ಬಲವರ್ಧನೆ ಕುಂದಿತ್ತು, ಕಲಿಕೆಯೂ ಕುಂದಿತ್ತು.

ನಮ್ಮ ಹಳೆಯ ಗುಮಾಸ್ತ ಇಲ್ಲಿ ಮತ್ತೆ ಕಾಣಿಸಿಕೊಳ್ಳುತ್ತಾನೆ. ೨೦೦೩ರಲ್ಲಿ ತಿಳಿದಂತೆ, ಈ ಇಲಿಗಳಲ್ಲಿ ಕ್ಯಾಮ್-ಕೈನೇಸ್ ಇತ್ತು. ಆದರೆ ಅದರ ಮೇಲೆ ತಡೆಯಾಜ್ಞೆಯ ಮೊಹರು ಅತಿಯಾಗಿ ಬಿದ್ದಿತ್ತು. ೨೦೦೭ರಲ್ಲಿ ನೆದರ್ಲೆಂಡ್ಸಿನ ರಾಟರ್‌ಡ್ಯಾಮಿನ ಯಪೆ ಎಲ್ಗರ್ಸ್ಮ ಅವರ ಬಳಗದವರು, ಆ ತಡೆಯಾಜ್ಞೆ ಅಂಟದಂಥ ಕಿಣ್ವವುಳ್ಳ ಇಲಿಗಳೊಡನೆ ಇವನ್ನು ಕೂಡಿಸಿದರು. ಹುಟ್ಟಿದ ಮರಿಗಳಲ್ಲಿ ಬಲವರ್ಧನೆ ಮರಳಿತು; ಕಲಿಕೆಯೂ ನಡಿಗೆಯೂ ಸುಧಾರಿಸಿದವು, ಮೂರ್ಛೆಯೂ ಕಡಿಮೆಯಾಯಿತು. ಅದೇ ಬಳಗದವರು ೨೦೧೫ರಲ್ಲಿ, ಕಳೆದುಹೋದ ಕಿಣ್ವವನ್ನೇ ಬೇರೆಬೇರೆ ವಯಸ್ಸಿನಲ್ಲಿ ಮರಳಿಸಿ ನೋಡಿದರು. ಹಿಪೊಕ್ಯಾಂಪಸಿನ ಬಲವರ್ಧನೆ ಯಾವ ವಯಸ್ಸಿನಲ್ಲಿಯೂ ಮರಳಿತು. ಆದರೆ ನಡವಳಿಕೆಯ ಹಲವು ಕೊರತೆಗಳು ಎಳವೆಯಲ್ಲಿ ಕೊಟ್ಟರೆ ಮಾತ್ರ ನೀಗಿದವು. ಇದರಲ್ಲಿ ಭರವಸೆಯೂ ಇದೆ, ಎಚ್ಚರಿಕೆಯೂ ಇದೆ: ಕೆಟ್ಟದ್ದು ಸರಿಹೋಗಬಹುದು, ಆದರೆ ಕಾಲ ಮೀರಬಾರದು. ಮನುಷ್ಯರಲ್ಲಿಯೂ ಔಷಧ ಪರೀಕ್ಷೆಗಳು ನಡೆದಿವೆ. ಇಲಿಯಲ್ಲಿ ಆದದ್ದೆಲ್ಲ ಮನುಷ್ಯನಲ್ಲಿ ಆಗಲೇಬೇಕೆಂಬ ನಿಯಮವಿಲ್ಲವಾದ್ದರಿಂದ, ಆ ದಾರಿ ನಿಧಾನದ್ದು. ಕ್ಯಾಮ್-ಕೈನೇಸಿನ ಜೀನುಗಳಲ್ಲೇ ವ್ಯತ್ಯಾಸವಾಗಿ ಬುದ್ಧಿಯ ಬೆಳವಣಿಗೆ ಕುಂಠಿತವಾದ ವ್ಯಕ್ತಿಗಳ ವರದಿಯೂ ೨೦೧೭ರಲ್ಲಿ ಬಂದಿತು. ಇಲಿ ತೋರಿಸಿದ್ದು ಸುಳ್ಳಾಗಲಿಲ್ಲ.

ಇನ್ನೊಂದು ಮಾತನ್ನು ತಾಯಂದಿರಿಗಾಗಿಯೇ ಹೇಳಬೇಕು. ಏಂಜೆಲ್ಮನ್ ಲಕ್ಷಣದಲ್ಲಿ ಕೆಟ್ಟಿರುವುದು ತಾಯಿಯಿಂದ ಬಂದ ಪಾಲು. ನರಕೋಶಗಳಲ್ಲಿ ತಂದೆಯಿಂದ ಬಂದ ಪಾಲು ಸಹಜವಾಗಿಯೇ ಮೌನವಾಗಿರುತ್ತದೆ. ಇಷ್ಟು ಕೇಳಿ ತಾಯಿಯನ್ನು ದೂಷಿಸುವವರು ಹುಟ್ಟಿಕೊಂಡಾರು. ಅವರು ಉಳಿದದ್ದನ್ನೂ ಕೇಳಲಿ: ಹೆಚ್ಚಿನ ಮಕ್ಕಳಲ್ಲಿ ಆ ಲೋಪವು ಹೊಸದಾಗಿ, ಆಕಸ್ಮಿಕವಾಗಿ ತಲೆದೋರಿದ್ದು. ಆಕೆ ತಿಂದದ್ದರಿಂದ ಬಂದದ್ದಲ್ಲ, ಗ್ರಹಣ ನೋಡಿದ್ದರಿಂದ ಬಂದದ್ದಲ್ಲ, ಯಾರ ಶಾಪದಿಂದಲೂ ಬಂದದ್ದಲ್ಲ.

ಕೇಳುಗರು ಎರಡು ತಪ್ಪು ತೀರ್ಮಾನಗಳಿಗೆ ಬರಬಾರದೆಂದು ನಮ್ಮ ವಿನಂತಿ. ಒಂದು: ಲೆಕ್ಕದಲ್ಲಿ ಹಿಂದೆ ಬಿದ್ದ ಹುಡುಗನಿಗೆಲ್ಲ ಕಿಣ್ವ ಕಡಿಮೆಯೆಂದು ತಿಳಿಯಬಾರದು. ಕಣ್ಣು ಕಾಣದಿರುವುದು, ಕಿವಿ ಮಂದವಾಗಿರುವುದು, ರಕ್ತಹೀನತೆ, ನಿದ್ದೆಗೇಡು, ಹತ್ತಡಿ ಖೋಲಿಯಲ್ಲಿ ಓದಲು ಮೂಲೆಯಿಲ್ಲದಿರುವುದು, ಇವೆಲ್ಲ ಹೆಚ್ಚು ಸಾಮಾನ್ಯವಾದ ಕಾರಣಗಳು. ಮನೆಯಲ್ಲೊಂದು ಭಾಷೆ, ಗಲ್ಲಿಯಲ್ಲೊಂದು, ಶಾಲೆಯಲ್ಲಿ ಮೂರನೆಯದು ಇರುವ ನಮ್ಮ ಮಕ್ಕಳು ಮೊದಮೊದಲು ತಡವರಿಸಿದರೆ ಅದು ದಡ್ಡತನವೂ ಅಲ್ಲ, ರೋಗವೂ ಅಲ್ಲ. ಎರಡು: ಜ್ಞಾಪಕಶಕ್ತಿಯ ಟಾನಿಕ್ಕು, ಪುಡಿಗಳಿಗೆ ಮರುಳಾಗಬೇಡಿ. ನಾವು ಹೇಳಿದ ಕಿಣ್ವಗಳು ನರಕೋಶದೊಳಗೇ ತಯಾರಾಗತಕ್ಕವು. ಬಾಯಿಂದ ನುಂಗಿದ ಪ್ರೋಟೀನು ಹೊಟ್ಟೆಯಲ್ಲಿ ಬೇಳೆಯ ಪ್ರೋಟೀನಿನಂತೆ ಜೀರ್ಣವಾಗುತ್ತದೆ. ಸಿನಾಪ್ಸಿಗೆ ಹೋಗಿ ಕೂರುವುದಿಲ್ಲ. ಆ ದುಡ್ಡಿಗೆ ಹಾಲು, ಮೊಟ್ಟೆ, ಸೊಪ್ಪು ತಂದರೆ ಮಗುವಿಗೆ ನಿಜವಾದ ಉಪಕಾರ.

ಮಗು ಮಾತಾಡುವುದು, ನಡೆಯುವುದು ಬಹಳ ತಡವಾದರೆ, ಬಂದ ಮಾತು ಹೋದರೆ, ಫಿಟ್ಸ್ ಬಂದರೆ, 'ದೊಡ್ಡವನಾದ ಮೇಲೆ ಸರಿಹೋಗುತ್ತಾನೆ' ಎಂದು ಕಾಯದೆ ಸರಕಾರಿ ಆಸ್ಪತ್ರೆಯ ಮಕ್ಕಳ ವಿಭಾಗಕ್ಕೆ ಕರೆದೊಯ್ಯಿರಿ. ೨೦೧೩ರಲ್ಲಿ ಪ್ರಾರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿಯಲ್ಲಿ ಹುಟ್ಟಿನಿಂದ ಹದಿನೆಂಟು ವರ್ಷದವರೆಗಿನ ಮಕ್ಕಳ ತಪಾಸಣೆಯ ಏರ್ಪಾಡಿದೆ. ಮುಂದಿನ ಆರೈಕೆಗೆ ಜಿಲ್ಲಾ ಮಟ್ಟದ ಕೇಂದ್ರಗಳನ್ನೂ ಅದರಲ್ಲಿ ಸೇರಿಸಲಾಗಿದೆ. ೨೦೧೬ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಬೌದ್ಧಿಕ ನ್ಯೂನತೆಯನ್ನೂ ಒಳಗೊಂಡಿದೆ. ನಿಗದಿಯಾದ ಪ್ರಮಾಣದ ನ್ಯೂನತೆಯುಳ್ಳ ಆರರಿಂದ ಹದಿನೆಂಟು ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣವು ಹಕ್ಕಾಗಿ ದೊರೆತಿದೆ. ಅರ್ಜಿ ಬರೆಯುವ ಕೈಗಳು ನಮ್ಮಲ್ಲಿ ಬೇಕಾದಷ್ಟಿವೆ. ಯಾರಿಗೆ ಬೇಕೋ ಅವರು ಸಂಕೋಚಪಡದೆ ಕೇಳಬೇಕು.

ಕಾಣದಷ್ಟು ಸಣ್ಣ ಪದಾರ್ಥವೊಂದು ಇಲ್ಲದೆ ಹೋದರೆ, ಆರೋಗ್ಯವಾಗಿ ಈಜುವ ಇಲಿಯೂ ತನ್ನ ಮಣೆಯ ಜಾಗವನ್ನು ನೆನಪಿಟ್ಟುಕೊಳ್ಳಲಾರದು. ಎಷ್ಟು ಹೆದರಿಸಿದರೂ ಆ ಕೊರತೆ ತುಂಬದು. ಮಣ್ಣಿಗೆ ಗುರುತು ಹಿಡಿಯುವ ಗುಣ ಬೇಕು. ಅದಿಲ್ಲದ ಕಡೆ ಕಾಲು ಜೋರಾಗಿ ಊರಿದರೆ ನೋವಾದೀತೇ ಹೊರತು ದಾರಿಯಾಗದು. ಆದ್ದರಿಂದ ಕಲಿಯಲಾರದ ಮಗುವಿನ ಮುಂದೆ ಕೋಲು ಹಿಡಿಯುವ ಮೊದಲು ಕಾರಣ ಹುಡುಕೋಣ. ಕಲಿಯಬಲ್ಲ ಮಗುವಿಗೆ ಅಭ್ಯಾಸ, ನಿದ್ದೆ, ಊಟ ಕೊಡೋಣ. ಎರಡು ಬಗೆಯ ಮಕ್ಕಳಿಗೂ ಮನೆಯಲ್ಲಿ ಸಮಾನವಾದ ಮರ್ಯಾದೆಯಿರಲಿ.